ರಜೆಯ ಮಕ್ಕಳು ಮತ್ತು ಬೀಗದ ಕಪಾಟು

ನಮ್ಮ ಕಡೆ ಬೇಸಿಗೆ ಎಂದರೆ ಮಕ್ಕಳು ಮಾಯವಾಗುವ ಕಾಲ. ಏಪ್ರಿಲ್ 10ರ ಸುಮಾರಿಗೆ ಸರಕಾರಿ ಶಾಲೆಗಳು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಈ ಏಳು ವಾರ ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟಿ ನಿಂತಿರುತ್ತದೆ. ಮಲಪ್ರಭೆ ಮರಳು ಹಾಸಿಕೊಂಡು ಮಲಗಿರುತ್ತಾಳೆ. ಆಗ ಮಕ್ಕಳೆಲ್ಲ ಎಲ್ಲಿ ಹೋಗುತ್ತಾರೆ? ಉಳ್ಳವರ ಮಕ್ಕಳು ಹುಬ್ಬಳ್ಳಿ, ಬೆಳಗಾವಿಯ ನೆಂಟರ ಮನೆಗೆ. ಹುನಗುಂದ, ಬಾದಾಮಿ ಸೀಮೆಯ ಕೂಲಿಯವರ ಮಕ್ಕಳು ತಂದೆತಾಯಿ ದುಡಿಯಲು ಹೋದ ಮಂಗಳೂರು, ಗೋವಾ, ಬೆಂಗಳೂರಿನ ಅರೆಕಟ್ಟಿದ ಕಟ್ಟಡಗಳ ಬುಡಕ್ಕೆ. ಇಳಕಲ್ಲಿನ ಸುತ್ತಿನವರು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಲು. ಬಾದಾಮಿಯ ಕೆಲವು ಹುಡುಗರು ಗುಹೆಗಳ ಮೆಟ್ಟಿಲ ಬಳಿ ಸೌತೆಕಾಯಿ, ನೀರಿನ ಬಾಟಲಿ ಮಾರಲು. ಮತ್ತೆ ತರಗತಿಗೆ ಬಂದು ಕೂತಾಗ ಎರಡನೇ ಇಯತ್ತೆಯ ಮಗು ಒತ್ತಕ್ಷರಗಳನ್ನು ಎಲ್ಲೋ ಬಿಟ್ಟು ಬಂದಿರುತ್ತದೆ. "ಜೂನ್ ತಿಂಗಳ ತುಂಬ ಹಳೇ ಪಾಠಾನ ಮಾಡೋದಾಗತೈತ್ರಿ" ಎಂದು ಮಾಸ್ತರರೊಬ್ಬರು ನಮ್ಮೆದುರು ಅಲವತ್ತುಕೊಂಡಿದ್ದರು.

ಇದು ನಮ್ಮ ಜಿಲ್ಲೆಯ ಮಾತಷ್ಟೇ ಅಲ್ಲ. ಅಮೆರಿಕದ ಅಟ್ಲಾಂಟಾ ನಗರದ ಶಾಲಾಮಕ್ಕಳನ್ನು ಅಭ್ಯಾಸ ಮಾಡಿದ ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ 1978ರಷ್ಟು ಹಿಂದೆಯೇ ಒಂದು ಪುಸ್ತಕ ಬರೆದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಹೆಜ್ಜೆಯಲ್ಲಿ ಕಲಿಯುತ್ತಾರೆ, ಅಂತರ ಹಿಗ್ಗುವುದು ಬೇಸಿಗೆ ರಜೆಯಲ್ಲಿ ಎಂಬುದು ಅದರ ಮುಖ್ಯ ಮಾತು. ರಜೆಯಲ್ಲಿ ಪುಸ್ತಕ ಓದುವ, ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುವ ಮಕ್ಕಳು ಕಲಿತದ್ದನ್ನು ಉಳಿಸಿಕೊಳ್ಳುತ್ತಾರೆ ಎಂಬುದನ್ನೂ ಅವರು ಗುರುತಿಸಿದ್ದರು. ಅಲ್ಲಿಯ ಗ್ರಂಥಾಲಯಗಳಿಗೆ ಈ ಮಾತು ಅದಕ್ಕೂ ಮೊದಲೇ ಗೊತ್ತಿತ್ತು. ಕ್ಲೀವ್‌ಲ್ಯಾಂಡ್‌ನಂಥ ಊರುಗಳಲ್ಲಿ ಮಕ್ಕಳ ರಜೆಯ ಓದಿನ ಏರ್ಪಾಡು 19ನೇ ಶತಮಾನದ ಕೊನೆಗೇ ಶುರುವಾಗಿತ್ತು. ನಮ್ಮಲ್ಲಿ ಬೇಸಿಗೆ ಶಿಬಿರ ಎಂದರೆ ದುಡ್ಡು ಕೊಟ್ಟು ಈಜು, ಕರಾಟೆ, ಚಿತ್ರಕಲೆ ಕಲಿಸುವುದು. ಅದು ನಗರದ ಮಕ್ಕಳ ಬಾಬತ್ತು. 2017ರ ಬರಗಾಲದಲ್ಲಿ ಸರಕಾರ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ 'ಬೇಸಿಗೆ ಸಂಭ್ರಮ' ಎಂಬ ಹೆಸರಿನಲ್ಲಿ ಬಿಸಿಯೂಟದ ಜೊತೆಗೆ ಒಂದಿಷ್ಟು ಓದು, ಆಟ ಇಟ್ಟಿತ್ತು. ಆದರೆ ಅದು ದೊಡ್ಡ ತರಗತಿಯ ಮಕ್ಕಳಿಗೆ. ಆರು, ಏಳು, ಎಂಟು ವರ್ಷದ ಸಣ್ಣವರನ್ನು ರಜೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹಳ್ಳಿಗಳಲ್ಲಿ ಗ್ರಂಥಾಲಯಗಳೇನೋ ಇದ್ದವು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಓದು ಬಾರದ ನೇಕಾರನೂ ತನ್ನ ಎರಡು ಖೋಲಿಯ ಮನೆಗೆ ಈ ಕರ ಕಟ್ಟುತ್ತಾನೆ. ಅವನಿಗೆ ಅದು ಗೊತ್ತಿಲ್ಲ, ಗ್ರಂಥಾಲಯದ ಬಾಗಿಲಿಗೆ ಅವನು ಬರುವುದೂ ಇಲ್ಲ. ಪಂಚಾಯಿತಿಯ ಒಂದು ಕೋಣೆ, ಎರಡು ಬೆಂಚು, ಮೂರು ಪತ್ರಿಕೆ, ಒಂದು ಬೀಗ ಹಾಕಿದ ಕಬ್ಬಿಣದ ಕಪಾಟು. ನಮ್ಮ ಹಳ್ಳಿ ಗ್ರಂಥಾಲಯ ಎಂದರೆ ಬಹುಕಾಲ ಇಷ್ಟೇ. ಪೇಪರು ಓದುವ ಹಿರಿಯರು ಬೆಳಿಗ್ಗೆ ಬಂದು ಹೋದ ಮೇಲೆ ಅಲ್ಲಿ ಗುಬ್ಬಿಗಳೇ ಸದಸ್ಯರು.

2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆಲ್ಲ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಕಲಬುರಗಿ ಜಿಲ್ಲೆಯಲ್ಲಿ 'ಪುಸ್ತಕ ಜೋಳಿಗೆ' ಹಿಡಿದು ಮನೆ ಮನೆಯಿಂದ ಪುಸ್ತಕ ಕೂಡಿಸಿದರು. ಜೋಳಿಗೆ ಎಂದ ಕೂಡಲೇ ನಮ್ಮ ಇಳಕಲ್ಲಿನವರಿಗೆ ಬೇರೊಂದು ಜೋಳಿಗೆ ನೆನಪಾಗುತ್ತದೆ. ಇಲ್ಲಿಯ ಮಹಾಂತ ಸ್ವಾಮಿಗಳು 1975ರಿಂದ ಮನೆ ಮನೆಗೆ ಹೋಗಿ ಕುಡಿತ, ತಂಬಾಕಿನ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ತೀರಿಕೊಂಡಾಗ ಕಣ್ಣೀರು ಹಾಕಿದವರಲ್ಲಿ ನಮ್ಮ ಓಣಿಯ ಮುದುಕಿಯರೂ ಇದ್ದರು. ಕೆಟ್ಟದ್ದನ್ನು ಹಾಕಿಸಿಕೊಂಡ ಜೋಳಿಗೆ ಅದು, ಒಳ್ಳೆಯದನ್ನು ಹಾಕಿಸಿಕೊಳ್ಳುವ ಜೋಳಿಗೆ ಇದು. ಜನ ಎರಡಕ್ಕೂ ಕೊಟ್ಟಿದ್ದಾರೆ.

ಈಗ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂದು ಹೆಸರು. ಈಚಿನ ಬೇಸಿಗೆಗಳಲ್ಲಿ ಇಲ್ಲಿ ಮಕ್ಕಳ ಶಿಬಿರಗಳು ನಡೆದಿವೆ. ಓದು, ಕತೆ, ಚದುರಂಗ, ಲೆಕ್ಕದ ಆಟ. ಕೆಲವೆಡೆ ಮನಸ್ಸಿಟ್ಟು ಮಾಡುತ್ತಾರೆ, ಕೆಲವೆಡೆ ಫೋಟೋ ತೆಗೆದು ಕಳಿಸುವಷ್ಟಕ್ಕೆ ಮುಗಿಯುತ್ತದೆ. ನಾವು ಮೂರು ನಾಲ್ಕು ಮಂದಿ ಗೆಳೆಯರು ಈ ಕೆಲಸದಲ್ಲಿ ಕೈಗೂಡಿಸಿದೆವು. ಒಬ್ಬರು ನಿವೃತ್ತ ಉರ್ದು ಶಿಕ್ಷಕರು, ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಒಬ್ಬರು ವಿಮೆಯ ಏಜೆಂಟರು. ಅವರ ಮೋಟಾರ್ ಸೈಕಲ್ಲೇ ನಮ್ಮ ಸಂಚಾರಿ ಗ್ರಂಥಾಲಯ. ಎಸ್. ಆರ್. ರಂಗನಾಥನ್ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಕಳಿಸುವ ವ್ಯವಸ್ಥೆ ಕಟ್ಟಿದ್ದರು. ಅದೇ ವರ್ಷ ಅವರ ಪಂಚಸೂತ್ರಗಳ ಪುಸ್ತಕವೂ ಬಂತು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅದರಲ್ಲಿಯ ಮೊದಲ ಮೂರು ಸೂತ್ರಗಳ ತಿರುಳು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರ ಹುಟ್ಟುಹಬ್ಬವಾದ ಆಗಸ್ಟ್ 12ರಂದು ಎಲ್ಲ ಗ್ರಂಥಾಲಯಗಳಲ್ಲೂ ಅವರ ಫೋಟೋಕ್ಕೆ ಹೂವಿನ ಹಾರ ಬೀಳುತ್ತದೆ. ಮೊದಲ ಸೂತ್ರ ಮಾತ್ರ ಕಪಾಟಿನ ಬೀಗದಲ್ಲಿ ಸಿಕ್ಕಿಕೊಂಡಿರುತ್ತದೆ.

ಈ ಬೀಗದ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಹಳ್ಳಿಯಲ್ಲಿ ಮೇಲ್ವಿಚಾರಕರು ಮಕ್ಕಳ ಪುಸ್ತಕಗಳನ್ನೆಲ್ಲ ನೀಟಾಗಿ ಕಪಾಟಿನಲ್ಲಿ ಜೋಡಿಸಿ ಬೀಗ ಹಾಕಿದ್ದರು. ಹೊಸ ಪುಸ್ತಕಗಳು, ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕೇಳಿದರೆ, "ಹುಡುಗರು ಹರೀತಾರ್ರಿ, ಕಳೀತಾರ, ನಾಳೆ ಲೆಕ್ಕಾ ಕೇಳಿದ್ರ ನಾ ಎಲ್ಲಿಂದ ತಂದು ಕೊಡ್ಲಿ?" ಎಂದರು. ಅವರನ್ನು ದೂರುವುದು ಸುಲಭ. ಆದರೆ ಕಡಿಮೆ ಸಂಬಳದ ಮನುಷ್ಯನ ತಲೆಯ ಮೇಲೆ ಕಳೆದ ಪುಸ್ತಕದ ಭಾರ ಹೊರಿಸಿದ ವ್ಯವಸ್ಥೆಗೆ ಹರಿದ ಪುಸ್ತಕಕ್ಕಿಂತ ಹರಿಯದ ಪುಸ್ತಕವೇ ಚೆಂದ ಕಾಣುತ್ತದೆ. ಕೊನೆಗೆ ಪಂಚಾಯಿತಿಯವರನ್ನೇ ಕೂರಿಸಿ, ಮಕ್ಕಳ ಪುಸ್ತಕ ಹರಿದರೆ ಅದು ಬಳಸಿದ ಗುರುತು ಎಂದು ಒಪ್ಪಿಸಿದೆವು. ಕೀಲಿ ತೆಗೆದ ದಿನ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಗೋಡೆಗುಂಟ ಚಾಪೆಯ ಮೇಲೆ, ಮುಖಪುಟ ಕಾಣುವಂತೆ, ಮಕ್ಕಳ ಮೊಣಕಾಲೆತ್ತರಕ್ಕೆ ಇಟ್ಟೆವು. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಉಳಿದರ್ಧವನ್ನು ಮಕ್ಕಳೇ ಮಾಡಿಕೊಂಡರು.

ಪಟ್ಟಣದ ಕತೆ ಬೇರೆ. ಜಿಲ್ಲೆಯ ಒಂದು ಊರಿನ ಗ್ರಂಥಾಲಯಕ್ಕೆ ಹೋದರೆ ಕುರ್ಚಿಗಳೆಲ್ಲ ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ತಯಾರಾಗುವ ತರುಣರಿಂದ ತುಂಬಿದ್ದವು. ಅವರ ಸಂಕಟವೂ ಸಣ್ಣದಲ್ಲ. ನಮ್ಮ ಜೊತೆ ಬಂದ ಮಕ್ಕಳು ಒಮ್ಮೆ ಕಿಲಕಿಲ ಎಂದದ್ದಕ್ಕೆ ಹತ್ತು ತಲೆ ತಿರುಗಿ ನೋಡಿದವು, ಒಳಗಿನಿಂದ ಒಬ್ಬರು ಬಂದು ಹೊರಗೆ ಕಳಿಸಿದರು. ಗ್ರಂಥಾಲಯ ಎಂದರೆ ಸದ್ದು ಮಾಡಬಾರದ ಜಾಗ ಎಂಬ ಹಳೆಯ ನಂಬಿಕೆ. ಏಳು ವರ್ಷದ ಮಗು ಬಾಯಿ ಬಿಡದೆ ಓದಲಾರದು. ಅದಕ್ಕೆ ಓದು ಎಂದರೆ ತುಟಿ, ಬೆರಳು, ದನಿ ಎಲ್ಲವೂ. ಬಾಗಲಕೋಟೆಯ ನವನಗರದಲ್ಲಿ ಇನ್ನೊಂದು ತೊಡಕು. ಆಲಮಟ್ಟಿ ಹಿನ್ನೀರಿಗೆ ಸಿಕ್ಕಿದ ಹಳೆ ಊರಿನ ಗಲ್ಲಿಗಳಲ್ಲಿ ಮಗು ನೆರಳಿನಿಂದ ನೆರಳಿಗೆ ನಡೆದು ಎಲ್ಲಿಗಾದರೂ ಮುಟ್ಟುತ್ತಿತ್ತು. ಸೆಕ್ಟರುಗಳ ಲೆಕ್ಕದಲ್ಲಿ ಕಟ್ಟಿದ ಹೊಸ ಊರಿನ ಅಗಲ ರಸ್ತೆಗಳಲ್ಲಿ ಮೇ ತಿಂಗಳ ಹತ್ತು ಗಂಟೆಗೆ ಸಣ್ಣ ಮಗುವನ್ನು ಒಂಟಿಯಾಗಿ ಕಳಿಸುವ ತಾಯಿ ಯಾರು? ಹಾಗಾಗಿ ನಮ್ಮ ಓದು ಬೆಳಿಗ್ಗೆ ಎಂಟೂವರೆಗೆ ಶುರು, ಹತ್ತೂವರೆಗೆ ಮುಕ್ತಾಯ.

ಎಂಟೂವರೆಗೆ ಇನ್ನೊಂದು ಕಾರಣವೂ ಇತ್ತು. ಮುಸ್ಲಿಮರ ಮಕ್ಕಳು ರಜೆಯಲ್ಲಿ ಬೆಳಿಗ್ಗೆ ಮಸೀದಿಯ ಮಕ್ತಬಿಗೆ ಹೋಗುತ್ತವೆ. ಅಲ್ಲಿ ಬಿಟ್ಟ ಕೂಡಲೇ ತಲೆಯ ಮೇಲಿನ ಟೋಪಿ, ಚೀಲದಲ್ಲಿಯ ಕಾಯಿದಾ ಸಮೇತ ನೇರ ನಮ್ಮ ಚಾಪೆಗೆ ಬರುತ್ತಿದ್ದವು. ಇಮಾಮ್ ಸಾಹೇಬರೊಬ್ಬರು ಮಕ್ಕಳನ್ನು ಹತ್ತು ನಿಮಿಷ ಮೊದಲೇ ಬಿಟ್ಟು, "ಜಲ್ದಿ ಜಾವ್, ಕಹಾನಿ ನಿಕಲ್ ಜಾತಿ" ಎಂದು ಅಟ್ಟುತ್ತಿದ್ದರು. ಇದನ್ನು ಯಾಕೆ ಹೇಳುತ್ತೇವೆಂದರೆ, ನಮ್ಮ ಸಮಾರಂಭಗಳಲ್ಲಿ ವಿದ್ಯೆಯ ಮೇಲೆ ಭಾಷಣ ಮಾಡುವವರಿಗೆ ಬರವಿಲ್ಲ. ಶಾದಿಮಹಲಿಗೆ ಚಂದಾ ಎತ್ತಿದರೆ ಮುಂಜಾನೆ ಬಿತ್ತಿ ಸಂಜೆ ಬೆಳೆ ತೆಗೆದಂತೆ ಹಣ ಬರುತ್ತದೆ. ಮಕ್ಕಳ ಪುಸ್ತಕಕ್ಕೆ ಎಂದು ಕೈಚಾಚಿದರೆ, "ಶಾಲ್ಯಾಗ ಕೊಡ್ತಾರಲ್ರಿ" ಎಂಬ ಉತ್ತರ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿಯಾಳು, ತಾನು ಶಾಲೆ ಕಲಿಯದಿದ್ದರೂ, ಸ್ವಂತ ಗಳಿಕೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಗ್ರಂಥಾಲಯ ಕಟ್ಟಿದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಬೂದಿಯಾದಾಗ ನಾಡಿನ ಜನ, ಜಾತಿ ಮತ ನೋಡದೆ, ಹಣವನ್ನೂ ಪುಸ್ತಕವನ್ನೂ ಕಳಿಸಿದರು. ಸುಡುವ ಮೊದಲು ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಗ್ರಂಥಾಲಯದಲ್ಲಿ ಉರ್ದು ಪುಸ್ತಕ ಇರಲಿಲ್ಲ. ಇಳಕಲ್ಲಿಗೆ ಹೊಂದಿದ ಒಂದು ಹಳ್ಳಿಯ ಅರಿವು ಕೇಂದ್ರದಲ್ಲಿ ಚಾಪೆಯ ಮೇಲೆ ಕೂತ ಮಕ್ಕಳಲ್ಲಿ ಅರ್ಧದಷ್ಟು ಉರ್ದು ಶಾಲೆಯವರು. ಓಣಿಯಲ್ಲಿ ಕನ್ನಡ ಪಟಪಟ ಆಡುವ ಮಕ್ಕಳು ಪುಸ್ತಕ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತಿದ್ದವು. ನಾವು ಏಳನೇ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು ಕಲಿತವರು. ಈ ಹೊಸ್ತಿಲು ಎಷ್ಟು ಎತ್ತರ ಎಂಬುದು ಕಾಲಿಗೆ ಗೊತ್ತು. ನಮ್ಮ ಕಾಲದಲ್ಲಿ ರಾಂಪುರದಿಂದ 'ನೂರ್' ಎಂಬ ಮಕ್ಕಳ ಉರ್ದು ಮಾಸಿಕ ಟಪಾಲಿನಲ್ಲಿ ಖಾಲಾ ಒಬ್ಬರ ಮನೆಗೆ ಬರುತ್ತಿತ್ತು, ಕ್ಷೌರದ ಅಂಗಡಿಯಲ್ಲಿ ಹಳೆಯ 'ಚಂದಮಾಮ' ಇರುತ್ತಿತ್ತು. ಎರಡು ಭಾಷೆಯ ಓದು ನಮಗೆ ಸಿಕ್ಕಿದ್ದು ಹೀಗೆ, ಯಾರ ಯೋಜನೆಯೂ ಇಲ್ಲದೆ. ಈ ನೆಲದ ಉರ್ದುವೇನು ಹೊರಗಿನದೇ? ಪಕ್ಕದ ಬಿಜಾಪುರದಲ್ಲಿ ದಖನಿ ಕಾವ್ಯ ಕಟ್ಟಿದ ಆದಿಲಶಾಹಿಗಳಿಗೆ ದೊಡ್ಡ ಪುಸ್ತಕ ಭಂಡಾರವೇ ಇತ್ತು. ಅಸರ್ ಮಹಲಿನಲ್ಲಿ ಅದರಿಂದ ಉಳಿದಿದ್ದ ಕೈಬರಹದ ಪುಸ್ತಕಗಳು 19ನೇ ಶತಮಾನದ ನಡುವಿನಲ್ಲಿ ಕಂಪನಿ ಸರಕಾರದ ಮೂಲಕ ಲಂಡನ್ ಮುಟ್ಟಿದವು. ಈ ಸೀಮೆಯ ಪುಸ್ತಕಗಳು ಬ್ರಿಟಿಷ್ ಲೈಬ್ರರಿಯಲ್ಲಿ ಸುಖವಾಗಿವೆ. ಈ ಸೀಮೆಯ ಮಗುವಿಗೆ ಹದಿನಾರು ಪುಟದ ಉರ್ದು ಚಿತ್ರಪುಸ್ತಕ ಸಿಗುವುದಿಲ್ಲ.

ನಿವೃತ್ತ ಶಿಕ್ಷಕರು ಒಂದು ಉಪಾಯ ಹುಡುಕಿದರು. ಬೆಂಗಳೂರಿನ ಪ್ರಥಮ್ ಬುಕ್ಸ್, ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್‌ನಂಥ ಪ್ರಕಾಶಕರು ಒಂದೇ ಚಿತ್ರಪುಸ್ತಕವನ್ನು ಹಲವು ಭಾಷೆಗಳಲ್ಲಿ ತರುತ್ತಾರೆ. ಕೆಲವು ಕತೆಗಳನ್ನು ಎರಡೂ ಭಾಷೆಯಲ್ಲಿ ತರಿಸಿ ಜೋಡಿ ಮಾಡಿದರು. ಕನ್ನಡ ಶಾಲೆಯ ಒಂದು ಮಗು, ಉರ್ದು ಶಾಲೆಯ ಒಂದು ಮಗು ಅಕ್ಕಪಕ್ಕ. ಒಂದೇ ಆನೆ, ಒಂದೇ ಇರುವೆ. ಆದರೆ ಒಬ್ಬರ ಪುಸ್ತಕ ಎಡದಿಂದ ತೆರೆಯುತ್ತದೆ, ಇನ್ನೊಬ್ಬರದು ಬಲದಿಂದ. ಮೊದಲ ದಿನ ಕನ್ನಡ ಶಾಲೆಯ ಹುಡುಗನೊಬ್ಬ ಉರ್ದು ಪುಸ್ತಕ ತೆಗೆದು, ಕತೆ ಮುಗಿದದ್ದನ್ನೇ ಮೊದಲು ನೋಡಿ, "ಇದು ಹಿಂದ್ ಮುಂದ್ ಆಗೈತ್ರಿ ಸರ" ಎಂದ. ಪಕ್ಕದ ಹುಡುಗಿ ಸಿಟ್ಟಾಗಿ, "ನಿಂದ ಹಿಂದ್ ಮುಂದ್" ಎಂದಳು. ನಾಲ್ಕು ದಿನದಲ್ಲಿ ಅವನು ಅವಳ ಬೆರಳು ಹಿಡಿದು ಅಲಿಫ್, ಬೇ ಬರೆಯುವುದನ್ನೂ ಅವಳು ಅವನಿಂದ ಒತ್ತಕ್ಷರವನ್ನೂ ಕಲಿಯುತ್ತಿದ್ದರು. ನಾವು ಕಲಿಸಿದ್ದಲ್ಲ, ಜಗಳದಿಂದ ಹುಟ್ಟಿದ್ದು.

ಆ ಹುಡುಗಿ ಉರ್ದು ಶಾಲೆಯ ಮೂರನೇ ಇಯತ್ತೆ. ಮನೆಯಲ್ಲಿ ಮಗ್ಗ ಇದೆ. ಮೂರು ದಿನ ಬಂದವಳು ನಾಲ್ಕನೇ ದಿನ ಬರಲಿಲ್ಲ. ಹೋಗಿ ನೋಡಿದರೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ತಾಯಿ ಸೆರಗು ಸರಿಮಾಡಿಕೊಂಡು, "ಪಡ್ ಕೋ ಕ್ಯಾ ಕರ್ತೀ ಭಯ್ಯಾ, ಕಂಡಕ್ಯಾ ಕೌನ್ ಭರ್ನಾ?" ಎಂದಳು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರಲಿಲ್ಲ. ಮದುವೆಯ ಕಾಲ, ಸೀರೆಗೆ ಬೇಡಿಕೆ ಇರುವ ದಿನಗಳು. ಗಂಡ ಮಗ್ಗದಲ್ಲಿ ಕೂತರೆ ಕಂಡಿಕೆ ತಪ್ಪದಂತೆ ಒದಗಬೇಕು. ಮಗು ದುಡಿಯಬಾರದು ಎಂದು ಕಾನೂನು ಹೇಳಿ ಬರುವುದು ಸುಲಭ, ಆ ಮನೆಯ ಒಲೆಗೆ ಕಾನೂನು ಕಟ್ಟಿಗೆ ಆಗುವುದಿಲ್ಲ. ಅಂಗನವಾಡಿಯ ಅಕ್ಕ ಮಾತ್ರ ಎದ್ದು ಬರಲಿಲ್ಲ. ಕೂತು, ಚಹಾ ಕುಡಿದು, ಅರ್ಧ ತಾಸು ಬೇರೆಯದೇ ಮಾತಾಡಿ, ಕೊನೆಗೆ "ಎಂಟೂವರಿಯಿಂದ ಹತ್ತೂವರಿ ತನಾ ಅಷ್ಟ ಕಳಸ್ರಿ, ಆಮ್ಯಾಲ ನಿಮ್ಮ ಕೂಸು ನಿಮಗ" ಎಂದು ಕರಾರು ಮಾಡಿಕೊಂಡು ಬಂದರು. ಈ ಕರಾರು ನಮಗೆ ಪೂರ್ತಿ ಸಮಾಧಾನ ತರಲಿಲ್ಲ. ಎರಡು ತಾಸು ಓದು, ಉಳಿದ ದಿನ ಕಂಡಿಕೆ ಎಂಬುದನ್ನು ನ್ಯಾಯ ಎನ್ನಲು ಬಾಯಿ ಬರುವುದಿಲ್ಲ. ಆದರೆ ಹುಡುಗಿ ಮರುದಿನ ಬಂದಳು.

ಆ ವಾರ ನಾವು ಎರಡು ಕತೆ ಜೊತೆಗಿಟ್ಟು ಓದಿದೆವು. ಒಂದು, ಎಲ್ಲ ಕನ್ನಡ ಮಕ್ಕಳಿಗೂ ಗೊತ್ತಿರುವ ಪುಣ್ಯಕೋಟಿಯದು. ಇನ್ನೊಂದು, ಮುಂದೆ ರಾಷ್ಟ್ರಪತಿಯಾದ ಜಾಕಿರ್ ಹುಸೇನರು ಉರ್ದುವಿನಲ್ಲಿ ಮಕ್ಕಳಿಗಾಗಿ ಬರೆದ 'ಅಬ್ಬೂ ಖಾನ್ ಕೀ ಬಕ್ರೀ'. ಫ್ರೆಂಚ್ ಲೇಖಕ ಆಲ್ಫೋನ್ಸ್ ದೊದೆಯ ಒಂದು ಕತೆಯ ಎಳೆ ಹಿಡಿದು ಅವರು ಅದನ್ನು ಅಲ್ಮೋರಾದ ಬೆಟ್ಟಗಳಿಗೆ ತಂದಿದ್ದಾರೆ. ಚಾಂದನಿ ಎಂಬ ಆಡು ಹಗ್ಗ ಒಲ್ಲೆನೆಂದು ಬೆಟ್ಟಕ್ಕೆ ಓಡುತ್ತದೆ. ಸಂಜೆ ತೋಳ ಬರುತ್ತದೆ. ಕೆಳಗಿನಿಂದ ಯಜಮಾನ ಕರೆಯುತ್ತಾನೆ. ಆಡು ಹೋಗುವುದಿಲ್ಲ, ಬೆಳಗಿನ ತನಕ ತೋಳದೊಡನೆ ಹೋರಾಡಿ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳು ಗೆದ್ದವರು ಯಾರೆಂದು ವಾದಿಸುತ್ತವೆ. ತೋಳ ಎನ್ನುತ್ತವೆ ಹೆಚ್ಚಿನವು. ಒಂದು ಮುದಿ ಹಕ್ಕಿ ಮಾತ್ರ ಚಾಂದನಿ ಎನ್ನುತ್ತದೆ.

ನಮ್ಮ ಚಾಪೆಯ ಮೇಲೂ ಅದೇ ವಾದ ಎದ್ದಿತು. ಕನ್ನಡ ಶಾಲೆಯ ಹುಡುಗ ಕೇಳಿದ, "ಪುಣ್ಯಕೋಟಿ ಹೊಳ್ಳಿ ಹೋದ್ಳು. ಇದು ಯಾಕ ಹೊಳ್ಳಿ ಬರಲಿಲ್ಲ?" ಪುಣ್ಯಕೋಟಿ ಮಾತು ಕೊಟ್ಟಿದ್ದಳು, ಚಾಂದನಿ ಕೊಟ್ಟಿರಲಿಲ್ಲ ಎಂದು ಒಬ್ಬ. ಹುಲಿ ಒಳ್ಳೇದು, ತೋಳ ಕೆಟ್ಟದ್ದು ಎಂದು ಇನ್ನೊಬ್ಬ. ಕಂಡಿಕೆಯ ಹುಡುಗಿ ತಲೆಯೆತ್ತದೆ, "ಹೊಳ್ಳಿ ಬಂದ್ರ ಮತ್ತ ಹಗ್ಗಾ ಕಟ್ತಾರಲ್ಲ" ಎಂದಳು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕತೆ ಬರೆಯುವವರಾಗಿ ನಾವು ಎಷ್ಟೋ ವಿಮರ್ಶಾ ಗೋಷ್ಠಿಗಳಲ್ಲಿ ಕೂತಿದ್ದೇವೆ. ಒಂದು ಕತೆಯ ನೆತ್ತರನ್ನು ಇಷ್ಟು ನೇರ ಮುಟ್ಟಿದ ಮಾತು ಅಲ್ಲಿ ಕೇಳಿದ್ದು ಅಪರೂಪ.

ಹುನಗುಂದ ತಾಲೂಕಿನ ಹಳ್ಳಿಯಲ್ಲಿ ಬೇರೆ ಬಗೆ. ಅಲ್ಲಿ ತಂದೆತಾಯಿ ಮಂಗಳೂರಿಗೆ ದುಡಿಯಲು ಹೋಗಿ, ಅಜ್ಜಿಯ ಬಳಿ ಉಳಿದ ಮಕ್ಕಳು ಹೆಚ್ಚು. ಮೇಲ್ವಿಚಾರಕರು ಜಾಣರು, ಅಜ್ಜಿಯರನ್ನೇ ಕರೆದರು. ಓದು ಬಾರದವರು ಗ್ರಂಥಾಲಯದಲ್ಲಿ ಏನು ಮಾಡಬೇಕೆಂದು ಒಬ್ಬ ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಕೂತ ಮೇಲೆ ಒಗಟಿನ ಮೇಲೆ ಒಗಟು ಹಾಕಿ ಮಕ್ಕಳನ್ನು ಸೋಲಿಸಿದಳು. ದೊಡ್ಡ ಮಕ್ಕಳು ಅವಳ ಒಗಟುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು, ಸಣ್ಣವರು ಚಿತ್ರ ತೆಗೆದರು. ಹೊಲಿಗೆ ಹಾಕಿದ ಆ ಪುಸ್ತಕಕ್ಕೆ ರಿಜಿಸ್ಟರಿನಲ್ಲಿ ಒಂದು ನಂಬರೂ ಬಿತ್ತು. ಈಗ ಅತಿ ಹೆಚ್ಚು ಹೊರಗೆ ಹೋಗುವ ಪುಸ್ತಕ ಅದೇ ಎಂದು ಅವರು ಹೇಳುತ್ತಾರೆ.

ಬಾದಾಮಿಯಲ್ಲಿ ಒಂದು ಮುಂಜಾನೆ ಮಕ್ಕಳನ್ನು ಕೆರೆಯ ದಂಡೆಗೆ, ತಟ್ಟುಕೋಟೆಯ ಬಳಿ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ತೋರಿಸಲು ಕರೆದೊಯ್ದೆವು. ಕ್ರಿ.ಶ. 700ರ ಸುಮಾರಿನದು, ಕನ್ನಡದ ತ್ರಿಪದಿ ಮೊದಲಿಗೆ ಕಾಣುವುದು ಇದರಲ್ಲೇ. ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ, ಇನ್ನೂ ಹಳೆಯ, 578ರ ಬರಹವಿದೆ. ಗುಹೆಗಳಿಗೆ ದೇಶವೆಲ್ಲ ಬರುತ್ತದೆ, ಈ ಬಂಡೆಯ ಬಳಿ ಆಡು ಮೇಯಿಸುವವರಷ್ಟೇ. ಮಕ್ಕಳು ಅಕ್ಷರಗಳ ಮೇಲೆ ದೂರದಿಂದಲೇ ಬೆರಳಾಡಿಸಿ ತಮಗೆ ಗೊತ್ತಿರುವುದು ಇದೆಯೇ ಎಂದು ಹುಡುಕಿದರು. ಉರ್ದು ಶಾಲೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಇದು ಯಾವ ಮೀಡಿಯಂ ರೀ?" ಎಂದು ಕೇಳಿದ. ಕನ್ನಡ ಎಂದೆವು. ಕನ್ನಡ ಶಾಲೆಯವನ ಕಡೆ ತಿರುಗಿ, "ಹಂಗಾದ್ರ ನಿನಗೂ ಬರೂದಿಲ್ಲಲ" ಎಂದು ನಕ್ಕ. ಇಬ್ಬರೂ ಸಮ ಸಮ ಆದರು.

ಮುಂದಿನ ಬೇಸಿಗೆಗೆ ಆ ಇಳಕಲ್ಲಿನ ಬದಿಯ ಪಂಚಾಯಿತಿಗೆ ಒಂದು ಪಟ್ಟಿ ಕೊಟ್ಟಿದ್ದೇವೆ. ಎರಡು ದೊಡ್ಡ ಚಾಪೆ, ನೀರಿನ ಹರವಿ, ಒಂದು ಫ್ಯಾನು, ಉರ್ದು ಮತ್ತು ಕನ್ನಡದ ಜೋಡಿ ಪುಸ್ತಕಗಳು. ಚಾಪೆ, ಹರವಿ, ಫ್ಯಾನು ಮಂಜೂರಾಗಿವೆ. ಉರ್ದು ಪುಸ್ತಕಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲಿ ದುಡ್ಡು ಹಾಕಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಶಾಲೆ ಶುರುವಾಗಿ ಮೂರು ವಾರದ ಮೇಲೆ ಮೇಲ್ವಿಚಾರಕರು ರಿಜಿಸ್ಟರು ತೆರೆದು, ಕಂಡಿಕೆಯ ಹುಡುಗಿ ಒಯ್ದ ಪುಸ್ತಕ ಬಂದಿಲ್ಲ ಎಂದು ತೋರಿಸಿದರು. ನಾವೇ ಅವಳ ಮನೆಗೆ ಹೋದೆವು. ಪುಸ್ತಕ ಮಗ್ಗದ ಪಕ್ಕದ ಗೂಡಿನಲ್ಲಿತ್ತು, ಮುಖಪುಟಕ್ಕೆ ಹಳೆಯ ಸೀರೆಯ ಪಟ್ಟಿ ಹೊಲಿದಿದ್ದರು. ತಮ್ಮನಿಗೆ ದಿನಾ ರಾತ್ರಿ ಓದಿ ಹೇಳುತ್ತಾಳೆ, ಅವನು ಬಿಡುತ್ತಿಲ್ಲ ಎಂದಳು ತಾಯಿ. "ಬಕ್ರೀದ್ ಹೋನೆ ದೇವ್ ಭಯ್ಯಾ, ದೇ ದೇತೇ." ಮೇಲ್ವಿಚಾರಕರು ಅವಳ ಹೆಸರಿನ ಮುಂದೆ ಹೊಸ ತಾರೀಖು ಬರೆದುಕೊಂಡರು.